ನಾಲ್ಕು ವರ್ಷ ಮಗನ್ನ ಮಾಂಟೆಸ್ಸರಿಗೆ ಕಳ್ಸಿದ ಹಾರ್ಡ್‌ವೇರ್ ಅಂಗಡಿಯವನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಸ್ಕೂಲ್ ಹೆಸ್ರು ಹಾಕ್ತಾ ಇಲ್ಲ. ಹೊಗಳೋದೂ ಇದೆ ಬೈಯೋದೂ ಇದೆ, ಮಗ ಮಾರ್ಚ್ ತನಕ ಇನ್ನೂ ಅಲ್ಲಿಗೇ ಹೋಗ್ಬೇಕು, ದಿನಾ ಬೆಳಿಗ್ಗೆ ಗೇಟ್ ಹತ್ರ ಆಂಟಿ (ಅಂದ್ರೆ ಟೀಚರ್) ಮುಖ ನಾನೇ ನೋಡ್ಬೇಕು. ಮೈಸೂರಲ್ಲಿರೋ ಒಂದು ಪುಟ್ಟ ಮಾಂಟೆಸ್ಸರಿ ಅಂತ ತಿಳ್ಕೊಳಿ ಸಾಕು. ಹಳೇ ಮನೆ, ಗ್ರೌಂಡ್ ಫ್ಲೋರು, ಹಿಂದ್ಗಡೆ ಒಂದು ಸೀಬೆ ಮರ, ಎರಡು ದೊಡ್ಡ ರೂಮು, ಒಟ್ಟು ಐವತ್ತು ಚಿಲ್ಲರೆ ಮಕ್ಕಳು. ಮಕ್ಳಿಗೆ ಸ್ಕೂಲ್ ಹುಡುಕ್ತಾ ಇರೋ ಫ್ರೆಂಡ್ಸ್ ಮೂರ್ನಾಲ್ಕು ಜನ ಒಂದೇ ವಾರದಲ್ಲಿ ಫೋನ್ ಮಾಡಿ ಹೆಂಗಿದೆ ಹೆಂಗಿದೆ ಅಂತ ಕೇಳಿದ್ರು, ಅದೇ ಕತೆ ಹೇಳಿ ಹೇಳಿ ಬಾಯಿ ಒಣಗ್ತು, ಅದಕ್ಕೆ ಒಂದ್ಸಲ ಕೂತು ಬರ್ದು ಹಾಕ್ಬಿಡೋಣ ಅಂತ.

ನಂದು ಹಾರ್ಡ್‌ವೇರ್ ಅಂಗಡಿ. ಶಿಕ್ಷಣ ಗಿಕ್ಷಣ ನಂಗೆ ಜಾಸ್ತಿ ಗೊತ್ತಿಲ್ಲ, ಮರ, ಬೀಗ, ಚಿಲಕ, ಉಪ್ಪು ಕಾಗದ (ಸ್ಯಾಂಡ್ ಪೇಪರ್) ಇವೆಲ್ಲ ಗೊತ್ತು. ಹಾಗಾಗಿ ಫಸ್ಟ್ ಟೈಮ್ ಒಳಗೆ ಕಾಲಿಟ್ಟಾಗ ನನ್ನ ಹೆಂಡ್ತಿ ಬಾತ್‌ರೂಮ್ ಕ್ಲೀನಾಗಿದ್ಯಾ ಅಂತ ನೋಡೋಕೆ ಹೋದ್ಲು, ನಾನು ಶೆಲ್ಫ್ ಹತ್ರ ಹೋಗಿ ಜಾಯಿಂಟು ನೋಡ್ತಾ ನಿಂತೆ. ಶೆಲ್ಫ್ ನನ್ನ ಮಂಡಿಗಿಂತ ಒಂಚೂರು ಮೇಲೆ ಅಷ್ಟೇ. ಅದ್ರಲ್ಲಿ ಒಂದು ಉದ್ದನೆ ಮರದ ದಿಮ್ಮಿ, ಹತ್ತು ಗುಂಡಿ, ಗುಂಡಿಗೊಂದು ಸಿಲಿಂಡರು, ಹಿಡ್ಕೊಳೋಕೆ ಮೇಲೊಂದು ಸಣ್ಣ ಗುಬುಟು. ಒಂದನ್ನ ಎತ್ತಿ ಪಕ್ಕದ ಗುಂಡಿಗೆ ಹಾಕೋಕೆ ನೋಡ್ದೆ, ಹೋಗ್ಲಿಲ್ಲ, ಕೂದಲೆಳೆ ಅಷ್ಟು ವ್ಯತ್ಯಾಸ ಇರ್ಬೋದು ಅಷ್ಟೇ. ನಮ್ಮ ಆಚಾರಿಗಳಿಗೆ ಬಾಗಿಲಿಗೆ ಲಾಕ್ ಕೂರ್ಸೋಕೆ ಇಷ್ಟು ಫಿನಿಷಿಂಗ್ ಬಂದಿದ್ರೆ ನನ್ನ ಅಂಗಡಿ ಮುಂದೆ ಅರ್ಧ ಜಗಳ ಇರ್ತಿರ್ಲಿಲ್ಲ. ಆಂಟಿ ಪಕ್ಕದಲ್ಲಿ ನಿಂತು ನಗ್ತಾ, ತಪ್ಪು ಹಾಕಿದ್ರೆ ಕೊನೇಲಿ ಒಂದು ಸಿಲಿಂಡರ್ ಕೂರಲ್ಲ ಸರ್, ನಾವು ಹೇಳೋದೇ ಬೇಡ, ಮಗೂಗೆ ಮರನೇ ಹೇಳುತ್ತೆ ಅಂದ್ರು. (ಇಲ್ಲಿ ಟೀಚರ್‌ನ ಮಿಸ್ ಅನ್ನಲ್ಲ, ಆಂಟಿ ಅಂತಾನೇ ಕರೆಯೋದು. ಬೆಂಗ್ಳೂರು ಮೈಸೂರು ಕಡೆ ಸುಮಾರು ಮಾಂಟೆಸ್ಸರಿಗಳಲ್ಲಿ ಹಂಗೇ.)

ಅವತ್ತು ನಾನೊಂದು ಪೆದ್ದು ಪ್ರಶ್ನೆ ಕೇಳಿದ್ದೆ. ಇಪ್ಪತ್ತೈದು ಮಕ್ಕಳಿರೋ ರೂಮಲ್ಲಿ ಎಲ್ಲಾ ಐಟಮ್ಮೂ ಒಂದೊಂದೇ ಇದ್ವು. ಪಿಂಕ್ ಟವರ್ ಒಂದು, ಬ್ರೌನ್ ಮೆಟ್ಟಿಲು ಒಂದು, ಮಣಿ ಡಬ್ಬ ಒಂದು. ದುಡ್ಡು ಉಳ್ಸೋಕೆ ಹಿಂಗೆ ಮಾಡಿದಾರೆ ಅಂದ್ಕೊಂಡು, ಮೇಡಂ ಬೇಕಿದ್ರೆ ಇನ್ನೆರಡು ಸೆಟ್ ಕಡಿಮೆ ರೇಟಿಗೆ ಮಾಡಿಸ್ಕೊಡ್ತೀನಿ, ನಮ್ಮ ಹತ್ರ ಒಳ್ಳೆ ಟರ್ನಿಂಗ್ ಮಾಡೋರಿದಾರೆ ಅಂದೆ. ಅವ್ರು ಅಂದಿದ್ದು, "ಎರಡು ಇಟ್ರೆ ಕಾಯೋದು ಯಾವಾಗ ಕಲೀತಾರೆ ಸರ್?"

ಅವತ್ತು ಇದು ಸುಮ್ನೆ ಹೇಳೋ ಮಾತು ಅನ್ಸಿತ್ತು. ನಾಲ್ಕು ವರ್ಷ ಆದ್ಮೇಲೆ ಈಗ ಹೇಳ್ತೀನಿ, ನಾನು ಕಟ್ಟಿದ ಫೀಸಲ್ಲಿ ಮುಕ್ಕಾಲು ಪಾಲು ವಸೂಲಾಗಿದ್ದು ಈ ಒಂದೇ ಸೆಟ್ ಅನ್ನೋ ರೂಲ್‌ನಿಂದ.

ಯಾಕೆ ಅಂತ ಹೇಳ್ತೀನಿ. ನಮ್ಮವನು ಹುಟ್ಟಿದ್ದು 2019ರ ಅಕ್ಟೋಬರ್. ಐದು ತಿಂಗಳಾಗೋ ಅಷ್ಟರಲ್ಲಿ ಲಾಕ್‌ಡೌನು. ಎರಡು ವರ್ಷ ಅವನು ನೋಡಿದ್ದು ನಾನು, ಅವ್ರಮ್ಮ, ಅಜ್ಜಿ, ಮಾಸ್ಕ್ ಹಾಕ್ಕೊಂಡು ಗೇಟ್ ಹತ್ರ ಬರೋ ಹಾಲಿನವ್ನು. ಇನ್ನೊಂದು ಮಗೂನ ಹತ್ರದಿಂದ ಕಂಡೇ ಇರ್ಲಿಲ್ಲ. ಮನೇಲಿರೋದೆಲ್ಲಾ ಅವನದ್ದೇ. 2022ರ ಜೂನಲ್ಲಿ ಬಿಟ್ಟಾಗ ಎರಡು ವಾರ ಅತ್ತಿದ್ದೇ ಅತ್ತಿದ್ದು, ನಾನು ಹೊರಗೆ ಸ್ಕೂಟರ್ ಮೇಲೆ ಕೂತು ಅಳು ಕೇಳಿಸ್ಕೊಂಡು ಅಂಗಡಿ ಹನ್ನೊಂದಕ್ಕೆ ತೆಗೀತಿದ್ದೆ. ಮೂರನೇ ವಾರ ಅಳು ನಿಲ್ತು, ಕಿತ್ಕೊಳೋದು ಶುರುವಾಯ್ತು. ಯಾರು ಏನು ಹಿಡ್ಕೊಂಡಿದ್ರೂ ಇವನಿಗೆ ಅದೇ ಬೇಕು. ಅಲ್ಲಿ ಮಾತ್ರ ಯಾರೂ, ಪಾಪ ಚಿಕ್ಕವನು ಕೊಟ್ಬಿಡು ಪುಟ್ಟಾ, ಅನ್ನಲ್ಲ. ಅವರು ಮ್ಯಾಟ್ ಸುತ್ತಿ ಶೆಲ್ಫಿಗೆ ವಾಪಸ್ ಇಡೋವರೆಗೂ ಇದು ಅವರದ್ದು, ನೀನು ಪಕ್ಕದಲ್ಲಿ ಕೂತು ನೋಡ್ಬೋದು, ಮುಟ್ಟಂಗಿಲ್ಲ, ಅಷ್ಟೇ ಮಾತು. ನಾನಾಗಿದ್ರೆ ಎರಡೇ ನಿಮಿಷಕ್ಕೆ ಮೊಬೈಲ್ ಕೊಟ್ಟು ಸುಮ್ಮನಾಗಿಸ್ತಿದ್ದೆ.

ಪಿಂಕ್ ಟವರ್ ಕತೆ ಹೇಳ್ಲೇಬೇಕು. ಗೊತ್ತಿಲ್ದೋರಿಗೆ, ಅದು ಹತ್ತು ಮರದ ಕ್ಯೂಬು, ಪಿಂಕ್ ಪೇಂಟು, ದೊಡ್ಡದು ಹತ್ತು ಸೆಂಟಿಮೀಟರು, ಒಂದೊಂದೇ ಸೆಂಟಿಮೀಟರ್ ಕಡಿಮೆ ಆಗ್ತಾ ಹೋಗಿ ಕೊನೇದು ಒಂದು ಸೆಂಟಿಮೀಟರು, ಅಂದ್ರೆ ದೊಡ್ಡ ಕಡಲೆಕಾಳಷ್ಟು ಅನ್ಕೊಳಿ. ಒಂದು ಗುರುವಾರ ಸಂಜೆ ನನ್ನ ಹೆಂಡ್ತಿ ಬಟ್ಟೆ ನೆನೆಸೋಕೆ ಹೋದಾಗ ಇವನ ಚಡ್ಡಿ ಜೇಬಲ್ಲಿ ಆ ಕೊನೇ ಕ್ಯೂಬು. "ರೀ, ಇಲ್ಬನ್ನಿ, ನಿಮ್ಮ ಮಗ ಕಳ್ಳತನ ಶುರು ಹಚ್ಕೊಂಡಿದಾನೆ" ಅಂತ ಕೂಗಿದ್ಲು. ನಾನು ಆಂಟಿಗೆ ಫೋನ್ ಮಾಡಿ ಸಾರಿ ಕೇಳ್ದೆ. ಅವ್ರು ಹೇಳಿದ್ದು ಇಷ್ಟೇ, ಮನೇಲಿ ಏನೂ ಅನ್ಬೇಡಿ, ನಾಳೆ ಅವನ ಕೈಲೇ ಕಳ್ಸಿ. ಅವತ್ತು ಬೆಳಿಗ್ಗೆ ಟವರ್ ಕಟ್ಟೋಕೆ ತಗೊಂಡ ಹುಡುಗಿಗೆ ಒಂಬತ್ತೇ ಸಿಕ್ಕಿ, ಮಕ್ಕಳೆಲ್ಲಾ ಸೇರಿ ಚಪ್ಪಲಿ ಸ್ಟ್ಯಾಂಡ್ ಕೆಳಗೆ, ಮ್ಯಾಟ್ ಸುರುಳಿ ಒಳಗೆ, ಕೊನೆಗೆ ಸೀಬೆ ಮರದ ಬುಡದವರೆಗೂ ಹುಡುಕಿದ್ರಂತೆ, ನಮ್ಮ ಮಹಾರಾಯನೂ ಜೊತೇಲಿ ಹುಡುಕಿದ್ನಂತೆ! ಶುಕ್ರವಾರ ಮುಷ್ಟಿಲಿ ಹಿಡ್ಕೊಂಡು ಹೋಗಿ ಶೆಲ್ಫ್ ಹತ್ರ ಸುಮ್ನೆ ನಿಂತಿದ್ದ. ಆ ಹುಡುಗಿನೇ ಬಂದು ಅವನ ಕೈಯಿಂದ ತಗೊಂಡು ಟವರ್ ಮೇಲಿಟ್ಟು, ಈಗ ಸರಿ ಆಯ್ತು, ಅಂದ್ಲಂತೆ. ಮುಗೀತು. ಕ್ಲಾಸ್ ಮುಂದೆ ನಿಲ್ಸಿ ಸಾರಿ ಹೇಳ್ಸೋದು, ನೀತಿಪಾಠ, ಯಾವ್ದೂ ಇಲ್ಲ. ಆಮೇಲೆ ಒಂದು ವಾರ ಇವನು ಬೆಳಿಗ್ಗೆ ಹೋದ ತಕ್ಷಣ ಬ್ಯಾಗ್ ಇಡೋಕೂ ಮುಂಚೆ ಆ ಚಿಕ್ಕ ಕ್ಯೂಬ್ ಇದ್ಯಾ ಅಂತ ಚೆಕ್ ಮಾಡ್ತಿದ್ನಂತೆ. ಇನ್ನೊಂದು ಸೆಟ್ ಇದ್ದಿದ್ರೆ ಆ ಕ್ಯೂಬ್‌ನ ಯಾರೂ ಹುಡುಕ್ತಾನೇ ಇರ್ಲಿಲ್ಲ, ಇವನಿಗೂ ಗೊತ್ತಾಗ್ತಿರ್ಲಿಲ್ಲ.

ಕೈ ಕೆಲ್ಸದ ಬಗ್ಗೆ. ಬಟಾಣಿ ಸುಲಿಯೋದು, ಜಗ್‌ನಿಂದ ಲೋಟಕ್ಕೆ ನೀರು ಬಗ್ಸೋದು, ಗುಂಡಿ ಹಾಕೋದು, ಮೇಜು ಒರ್ಸೋದು, ಲೋಟ ಗಾಜಿಂದೇ, ಒಡೆದ್ರೆ ಒಡೀಲಿ ಅಂತಾರೆ, ಒಡೆದಿದೆ ಕೂಡ. ಇದನ್ನೆಲ್ಲಾ ಇನ್‌ಸ್ಟಾದಲ್ಲಿ ನೀವೆಲ್ಲ ನೋಡಿರ್ತೀರ, ನಾನು ವಿವರ್ಸಲ್ಲ. ನಂಗೆ ತಲೆ ಕೆಡಿಸಿದ್ದು ಎರಡು ಐಟಮ್ಮು. ಒಂದು, ಸಾವಿರದ ಮಣಿ. ಒಂದು ಬಿಡಿ ಮಣಿ, ಹತ್ತು ಪೋಣಿಸಿದ ಒಂದು ಕಡ್ಡಿ, ಆ ಥರ ಹತ್ತು ಕಡ್ಡಿ ಸೇರ್ಸಿದ ನೂರರ ಚೌಕ, ಹತ್ತು ಚೌಕ ಪೇರ್ಸಿದ ಸಾವಿರದ ಕ್ಯೂಬು. ಬಿಡಿ ಮಣಿ ಎರಡು ಬೆರಳಲ್ಲಿ ಹಿಡಿದು ತರ್ತಾರೆ, ಸಾವಿರ ತರೋಕೆ ಎರಡೂ ಕೈ ಬೇಕು, ಎದೆಗೆ ಒತ್ಕೊಂಡು ಬರ್ಬೇಕು. ನಾನು ಸಾವಿರ ಅಂದ್ರೆ ಒಂದರ ಮುಂದೆ ಮೂರು ಸೊನ್ನೆ ಅಂತ ಕಲ್ತೋನು. ಒಂದಿನ ಅಂಗಡೀಲಿ ಕೂತಿದ್ದಾಗ ಸ್ಕ್ರೂ ಡಬ್ಬ ಎತ್ತಿ, ಅಪ್ಪಾ ಇದು ಸಾವಿರ ಅಲ್ಲ, ಸಾವಿರ ಆಗಿದ್ರೆ ಇನ್ನೂ ಭಾರ ಇರ್ತಿತ್ತು, ಅಂದ. ಅದು ಒಂದು ಗ್ರೋಸ್ ಡಬ್ಬ, 144 ಪೀಸು. ಮಗನಿಗೆ ಐದೂ ತುಂಬಿರ್ಲಿಲ್ಲ.

ಇನ್ನೊಂದು ಉಪ್ಪು ಕಾಗದದ ಅಕ್ಷರ. ನಾನು ದಿನಾ ಪೇಂಟರ್‌ಗಳಿಗೆ ಶೀಟ್ ಲೆಕ್ಕದಲ್ಲಿ ಮಾರೋ ಉಪ್ಪು ಕಾಗದನೇ, ಅಕ್ಷರದ ಶೇಪಿಗೆ ಕತ್ತರಿಸಿ ನುಣುಪಾದ ಹಲಗೆ ಮೇಲೆ ಅಂಟ್ಸಿರ್ತಾರೆ, ಮಗು ಎರಡು ಬೆರಳು ಇಟ್ಟು ನಿಧಾನಕ್ಕೆ ತಿದ್ದುತ್ತೆ, ಬೆರಳು ಜಾರಿ ಹಲಗೆಗೆ ಹೋದ್ರೆ ನುಣ್ಣಗಾಗುತ್ತೆ, ಗೊತ್ತಾಗ್ಬಿಡುತ್ತೆ. ನಮ್ಮಜ್ಜ ಅಕ್ಕಿ ತಟ್ಟೆಲಿ ಬೆರಳಿಟ್ಟು ಅ ಬರ್ಸಿದ್ದು ನೆನಪಾಯ್ತು, ಅದೂ ಇದೇ ಅಲ್ವಾ, ಆದ್ರೆ ನಾವು ಅಕ್ಷರಾಭ್ಯಾಸದ ದಿನ ಒಂದ್ಸಲ ಮಾಡಿ ಫೋಟೋ ತೆಗ್ದು ಮರುದಿನದಿಂದ ಕಾಪಿ ಪುಸ್ತಕ ಕೊಟ್ಬಿಡ್ತೀವಿ.

ಇಲ್ಲೇ ನನ್ನ ದೊಡ್ಡ ಕಂಪ್ಲೇಂಟೂ ಇರೋದು. ಇಂಗ್ಲಿಷ್ ಅಕ್ಷರದ ಹಲಗೆ ಮೊದಲನೇ ವರ್ಷದ ಕೊನೇಲೇ ಬಂತು, ಕನ್ನಡದ್ದು ಎರಡನೇ ವರ್ಷ ಅರ್ಧ ಕಳೆದ್ಮೇಲೆ. ಕನ್ನಡ ಡಬ್ಬ ಕೆಳಗಿನ ಶೆಲ್ಫಲ್ಲಿ ಮೂಲೆಗಿತ್ತು, ಧೂಳು ನಾನೇ ಬೆರಳಲ್ಲಿ ಒರೆಸಿ ತೋರ್ಸಿದೀನಿ. ಆಂಟಿಯರೆಲ್ಲಾ ಕನ್ನಡದವ್ರೇ, ಮಕ್ಕಳಲ್ಲೂ ಮುಕ್ಕಾಲು ಜನ ಮನೇಲಿ ಕನ್ನಡ ಮಾತಾಡೋರೇ, ಆದ್ರೆ ಎಲ್ರೂ ದುಂಡಗೆ ಕೂತ್ರೆ ಮಾತು ಇಂಗ್ಲಿಷಿಗೆ ತಿರುಗುತ್ತೆ. ಕೇಳಿದ್ರೆ ಪೇರೆಂಟ್ಸೇ ಕೇಳ್ತಾರೆ ಸರ್ ಅಂದ್ರು, ಅದು ಸುಳ್ಳಲ್ಲ, ವಾಟ್ಸಾಪ್ ಗ್ರೂಪಲ್ಲಿ ನಾನೂ ನೋಡಿದೀನಿ. ಆದ್ರೂ ಶಬ್ದದಿಂದ ಅಕ್ಷರ ಕಲಿಸೋ ಪದ್ಧತಿಗೆ ಕನ್ನಡಕ್ಕಿಂತ ಸುಲಭದ ಭಾಷೆ ಬೇಕಾ? ನಮ್ಮಲ್ಲಿ ಕ ಅಂದ್ರೆ ಕ. ಅವರಲ್ಲಿ ಸಿ ಅಂದ್ರೂ ಕ, ಕೆ ಅಂದ್ರೂ ಕ, ಒಮ್ಮೊಮ್ಮೆ ಸಿ ಅಂದ್ರೆ ಸ. ಅಕ್ಷರ 49 ಇದೆ ನಿಜ, ಕಾಗುಣಿತ ಒತ್ತು ಬಂದ್ರೆ ಹಲಗೆ ಸಾಲಲ್ಲ ಅದೂ ನಿಜ, ಆದ್ರೆ ಧೂಳು ಹಿಡಿಯೋಕೆ ಅದು ಕಾರಣ ಅಲ್ವಲ್ಲ.

ಇದಕ್ಕೆ ಒಂಚೂರು ಪರಿಹಾರ ಸಿಕ್ಕಿದ್ದು ನಮ್ಮಮ್ಮನಿಂದ. ಅಮ್ಮ ತಿ.ನರಸೀಪುರದ ಕಡೆ ಅಂಗನವಾಡಿ ಕಾರ್ಯಕರ್ತೆಯಾಗಿ ರಿಟೈರಾದವ್ರು. ಹೊಸಬರಿಗೆ ಗೊತ್ತಿರಲ್ಲ, ದೇಶದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ಕ್ಕೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ನರಸೀಪುರ ತಾಲ್ಲೂಕಿಗೇ, 100 ಅಂಗನವಾಡಿ. ಅಮ್ಮ ಸೇರಿದ್ದು ಆಮೇಲೆ, ಎಂಬತ್ತರ ದಶಕದಲ್ಲಿ. ಅಜ್ಜ ಅಜ್ಜಿಯರ ದಿನ ಅಂತ ಸ್ಕೂಲಿಗೆ ಕರ್ಕೊಂಡು ಹೋದೆ. ಆಂಟಿ ಭಾರಿ ಉತ್ಸಾಹದಲ್ಲಿ ಎಲ್ಲಾ ತೋರ್ಸಿ, ನಮ್ಮಲ್ಲಿ ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ರೂಮಲ್ಲಿ ಇರ್ತಾರೆ ಅಮ್ಮಾ, ದೊಡ್ಡವರನ್ನ ನೋಡಿ ಚಿಕ್ಕವರು ಕಲೀತಾರೆ, ಇದೇ ನಮ್ಮ ಸ್ಪೆಷಾಲಿಟಿ ಅಂದ್ರು. ಅಮ್ಮ ತಲೆ ಆಡಿಸ್ಕೊಂಡು ಕೇಳಿ, ಹೊರಗೆ ಬಂದು ಚಪ್ಪಲಿ ಹಾಕ್ಕೋತಾ, "ನಮ್ಮ ಅಂಗನವಾಡೀಲೂ ಎಲ್ಲಾ ಒಂದೇ ರೂಮಲ್ಲಿ ಇದ್ವಲ್ಲೋ ಮಗ, ಇದಕ್ಕೆ ಅಷ್ಟೊಂದ್ ದುಡ್ಡಾ?" ಅಂದ್ರು.

ಏನ್ ಹೇಳೋಣ. ನಿಜ ತಾನೆ. ಓರಿಯೆಂಟೇಷನಲ್ಲಿ ಹೇಳಿದ್ರು, ಮಾಂಟೆಸ್ಸರಿ ಅನ್ನೋ ಡಾಕ್ಟರಮ್ಮ 1907ರಲ್ಲಿ ರೋಮ್‌ನ ಸಾನ್ ಲೊರೆನ್ಸೊ ಅನ್ನೋ ಬಡವರ ಏರಿಯಾದಲ್ಲಿ ಕೂಲಿಗೆ ಹೋಗೋರ ಮಕ್ಕಳಿಗೆ ಮೊದಲನೇ ಮನೆ ತೆಗೆದಿದ್ದು ಅಂತ. ಅವ್ರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ್ರು, ಯುದ್ಧ ಜೋರಾದ್ಮೇಲೆ ಇಟಲಿಯವ್ರು ಅಂತ ಬ್ರಿಟಿಷರು ಓಡಾಟಕ್ಕೆ ಅಡ್ಡಿ ಹಾಕಿದ್ರು, ಕೊಡೈಕೆನಾಲಲ್ಲೂ ಇದ್ದು, 1946ರವರೆಗೆ ನಮ್ಮ ದೇಶದಲ್ಲೇ ಟೀಚರ್‌ಗಳಿಗೆ ಟ್ರೈನಿಂಗ್ ಕೊಟ್ಟಿದಾರೆ. ಬಡ ಮಕ್ಕಳಿಗೆ ಶುರುವಾದದ್ದು ಈಗ ಕಾರಲ್ಲಿ ಬಂದಿಳಿಯೋ ಮಕ್ಕಳಿಗೆ ಅನ್ನೋ ಹಂಗಾಗಿದೆ. ನಮ್ಮ ಜಿಲ್ಲೆಯ ಎಚ್.ಡಿ.ಕೋಟೆಯಲ್ಲೇ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲಾ ಹರಡಿದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲೂ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂತು ಕಾರ್ಡ್ ಹಿಡ್ಕೊಂಡು, ತಟ್ಟೆಯಿಂದ ತಟ್ಟೆಗೆ (ಮಕ್ಕಳು ಕೂರೋ ಗುಂಪಿಗೆ ಅಲ್ಲಿ ತಟ್ಟೆ ಅಂತಾರೆ) ಹೋಗ್ತಾ, ಗೊತ್ತಿರೋರು ಗೊತ್ತಿಲ್ದೋರಿಗೆ ಹೇಳ್ಕೊಡ್ತಾ ಕಲಿಯೋದು. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಕೆಲ್ಸ ನೇತು ಹಾಕೋ ಚಪ್ಪರ ನೋಡಿದೀರಾ, ಎಷ್ಟು ಚೆಂದ. ಫ್ರೀ ಸಿಗುತ್ತೆ ಅಂತ ನಾವು ಯಾರೂ ಆ ಕಡೆ ತಿರುಗಿ ನೋಡಲ್ಲ, ನಾನೂ ನೋಡ್ಲಿಲ್ಲ. ಅಮ್ಮ ಹಂಗಂದ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ ನಂಗೆ.

ಆದ್ರೆ ಅಮ್ಮನೇ ಆಮೇಲೆ ಹೇಳಿದ ಇನ್ನೊಂದು ಮಾತೂ ಬರೀಬೇಕು. ನಂಗೆ ಮಕ್ಕಳ ಜೊತೆ ಕೂರೋಕೆ ಟೈಮೆಲ್ಲಿತ್ತೋ, ಊಟ ಬೇಯಿಸ್ಬೇಕು, ರಿಜಿಸ್ಟರ್ ಬರೀಬೇಕು, ಬಸುರಿಯರ ಮನೆ ಸುತ್ಬೇಕು, ತೂಕ ಹಾಕ್ಬೇಕು, ಎಲೆಕ್ಷನ್ ಬಂದ್ರೆ ಅದಕ್ಕೂ ಹೋಗ್ಬೇಕು, ಗೌರವಧನ ನೋಡಿದ್ರೆ ಅಷ್ಟು. ಇವ್ರು ನೋಡು, ಮಕ್ಕಳ ಮುಂದೆ ಕೂತು ಏನೂ ಮಾಡ್ದೆ ಸುಮ್ನೆ ನೋಡ್ತಾ ಇರ್ತಾರೆ, ಅದು ದೊಡ್ಡ ಭಾಗ್ಯ ಕಣೋ, ಅಂದ್ರು. ಈಗ ತಿಂಗಳಿಗೊಂದು ಬುಧವಾರ ಅಮ್ಮ ಅಲ್ಲಿಗೆ ಹೋಗಿ ಕನ್ನಡದಲ್ಲಿ ಕತೆ ಹೇಳ್ತಾರೆ. ಮನೆಯಿಂದ ಅಳಗುಳಿಮಣೆ ತಗೊಂಡು ಹೋಗಿ, ಎರಡು ಸಾಲು ಏಳೇಳು ಗುಳಿ, ಹುಣಸೆ ಬೀಜ ಹಂಚ್ಕೊಂಡು ಹೋಗೋದು ಹೇಳ್ಕೊಟ್ರು, ಮಕ್ಕಳು ಬಿಡ್ತಾನೇ ಇಲ್ಲ. ಆಂಟಿ ಅದನ್ನ ಶೆಲ್ಫಿಗೇ ಸೇರ್ಸ್ಕೊಂಡ್ರು, ಅದೂ ಒಂದೇ ಸೆಟ್ಟು, ಅದಕ್ಕೂ ಕ್ಯೂ.

ಕಚ್ಚಿದ ವಿಷ್ಯ. ಎರಡನೇ ವರ್ಷ ಒಂದಿನ ಸ್ನಾನ ಮಾಡಿಸ್ಬೇಕಾದ್ರೆ ಮಗನ ತೋಳ ಮೇಲೆ ಹಲ್ಲಿನ ಗುರುತು. ಸ್ಕೂಲಿಂದ ಒಂದು ಮೆಸೇಜ್ ಇಲ್ಲ. ಮರುದಿನ ನಾನೇ ಹೋಗಿ ಕೇಳಿದ್ಮೇಲೆ, ಹೌದು ಸರ್ ನಿನ್ನೆ ಆಯ್ತು, ಹೇಳೋಣ ಅನ್ನೋಷ್ಟರಲ್ಲಿ ಮರೆತೋಯ್ತು, ಅಂದ್ರು. ಇದು ತಪ್ಪು, ನಾನು ಏರು ದನಿಯಲ್ಲೇ ಹೇಳಿ ಬಂದೆ, ಇವತ್ತಿಗೂ ಮಾರ್ಕ್ಸ್ ಕಟ್ ಮಾಡ್ತೀನಿ. ಕಚ್ಚಿದ್ದು ಯಾರು ಅಂತ ಕೊನೇವರೆಗೂ ಹೇಳ್ಲಿಲ್ಲ. ಅವತ್ತು ಉರಿದು ಹೋಗಿತ್ತು. ಆದ್ರೆ ಕಚ್ಚಿದ ಮಗೂನ ಕೈಲೇ ಒದ್ದೆ ಬಟ್ಟೆ ತರ್ಸಿ ಇವನ ತೋಳ ಮೇಲೆ ಒತ್ತಿ ಹಿಡಿಸಿದ್ರಂತೆ, ಇದನ್ನ ಮಗನೇ ಹೇಳಿದ್ದು, ಹೆಸರು ಕೇಳಿದ್ರೆ, ಅವನಿಗೆ ಮಾತು ಬರಲ್ಲ ಅಪ್ಪಾ ಅದಕ್ಕೆ ಕಚ್ದ, ಅಂದ. ನಾಲ್ಕು ವರ್ಷದವನು! ಪೇರೆಂಟ್ಸ್ ಗ್ರೂಪಲ್ಲಿ ಹೆಸರು ಹೊರಗೆ ಬಂದಿದ್ರೆ ನಾವು ದೊಡ್ಡವರು ಏನೇನು ಆಡ್ತಿದ್ವೋ.

ಶನಿವಾರದ ಕೆಲ್ಸ ನಂಗೆ ತುಂಬಾ ಇಷ್ಟ ಆದ ಭಾಗ. ಎರಡು ತಿಂಗಳಿಗೊಂದು ಶನಿವಾರ ಅಪ್ಪ ಅಮ್ಮಂದಿರು ಹೋಗಿ ಏನಾದ್ರೂ ಮಾಡ್ಕೊಡ್ಬೇಕು, ಹರಿದ ಮ್ಯಾಟ್ ಹೊಲಿಯೋದು, ಪುಸ್ತಕಕ್ಕೆ ಟೇಪ್ ಹಾಕೋದು, ಮಡಿಗೆ ಮೆಂತ್ಯ ಬಿತ್ತೋದು. ಬೇರೆ ಅಪ್ಪಂದಿರು ಸಾಫ್ಟ್‌ವೇರು, ಡ್ರಿಲ್ಲಿಂಗ್ ಮಷೀನ್ ಉಲ್ಟಾ ಹಿಡಿಯೋ ಗಿರಾಕಿಗಳು, ಅಲ್ಲಿ ನಾನೇ ಹೀರೋ. 12 ಎಂಎಂ ಪ್ಲೈವುಡ್ ಪೀಸ್ ಒಂದಕ್ಕೆ ಟವರ್ ಬೋಲ್ಟು, ಆಲ್‌ಡ್ರಾಪು (ಬಾಗಿಲಿಗೆ ಹೊರಗಿಂದ ಹಾಕೋ ದೊಡ್ಡ ಚಿಲಕ), ಕೊಂಡಿ ಚಿಲಕ, ಪೆಟ್ಟಿಗೆ ಕ್ಲಿಪ್ಪು, ಕೀಲಿ ಹಾಕೋ ಎರಡು ಸಣ್ಣ ಬೀಗ, ಎಲ್ಲಾ ಕೂರ್ಸಿ ಅಂಚಿಗೆಲ್ಲ 120 ನಂಬರ್ ಉಪ್ಪು ಕಾಗದ ಉಜ್ಜಿ ಒಂದು ಬೋರ್ಡ್ ಮಾಡ್ಕೊಟ್ಟೆ. ಆಂಟಿ ನೋಡಿ ಖುಷಿಪಟ್ಟು ಆಮೇಲೆ ಮೆತ್ತಗೆ, ಸರ್ ಬೀಗ ಎರಡಿದೆ, ಒಂದು ತೆಗೀತೀರಾ, ಒಂದ್ಸಲಕ್ಕೆ ಒಂದೇ ಕಷ್ಟ ಇರ್ಲಿ ಅಂದ್ರು. ತೆಗ್ದೆ. ಆಲ್‌ಡ್ರಾಪ್ ಮಾತ್ರ ಚಿಕ್ಕ ಕೈಗೆ ಟೈಟಾಗಿತ್ತು, ಮೂರು ವರ್ಷದ ಒಂದು ಪುಟ್ಟಿ ಹತ್ತು ನಿಮಿಷ ನಾಲಿಗೆ ಹೊರಗೆ ಹಾಕ್ಕೊಂಡು ಎಳೀತಾ ಇದ್ಲು, ನಂಗೆ ಕೈ ತುರಿಸ್ತಾ ಇತ್ತು ಸಹಾಯ ಮಾಡೋಕೆ, ಆಂಟಿ ಕಣ್ಣಲ್ಲೇ ಬೇಡ ಅಂದ್ರು. ಟಕ್ ಅಂತ ಬಂತು. ಯಾರ ಮುಖನೂ ನೋಡ್ಲಿಲ್ಲ ಅವಳು, ಮತ್ತೆ ಹಾಕಿ ಮತ್ತೆ ತೆಗೆದ್ಲು. ಇಪ್ಪತ್ತು ವರ್ಷದಿಂದ ಆಲ್‌ಡ್ರಾಪ್ ಮಾರ್ತಿದೀನಿ, ಅದನ್ನ ಅಷ್ಟೊತ್ತು ಯಾರಾದ್ರೂ ನೋಡಿದ್ದು ಅದೇ ಮೊದ್ಲು.

ಇನ್ನು ದುಡ್ಡಿನ ಮಾತು. ಸೇರ್ಸಿದಾಗ ವರ್ಷಕ್ಕೆ 45 ಸಾವಿರ, ಈಗ 68. ಏರ್ಸೋದು ಏರಿಸ್ಲಿ, ಬಾಡಿಗೆ ಸಂಬಳ ಎಲ್ಲಾ ಏರುತ್ತೆ, ಆದ್ರೆ ಅದನ್ನ ಮೇ ತಿಂಗಳಲ್ಲಿ ವಾಟ್ಸಾಪಲ್ಲಿ ಒಂದೇ ಲೈನಲ್ಲಿ ಹೇಳೋದು ಸರಿಯಲ್ಲ, ಅಷ್ಟೊತ್ತಿಗೆ ಬೇರೆ ಕಡೆ ಅಡ್ಮಿಷನ್ ಮುಗಿದಿರುತ್ತೆ. ಜೊತೆಗೆ ಪ್ರತಿ ವರ್ಷ ಮೆಟೀರಿಯಲ್ ಚಾರ್ಜ್ 6 ಸಾವಿರ. ಯಾವ ಮೆಟೀರಿಯಲ್ಲು ಸ್ವಾಮಿ? ನಾಲ್ಕು ವರ್ಷದಿಂದ ಅದೇ ಪಿಂಕ್ ಟವರ್ ನಾನೂ ನೋಡ್ತಾ ಇದೀನಿ, ಪೇಂಟ್ ಚಕ್ಕೆ ಎದ್ದಿರೋದು ಯಾವ ಕ್ಯೂಬಲ್ಲಿ ಅಂತ ಬೇಕಾದ್ರೆ ಹೇಳ್ತೀನಿ. ಟೈಮಿಂಗು ಬೆಳಿಗ್ಗೆ 9ರಿಂದ 12:30, ಇಬ್ರೂ ಕೆಲ್ಸಕ್ಕೆ ಹೋಗೋರಾದ್ರೆ, ಮನೇಲಿ ಅಜ್ಜಿ ಇಲ್ದಿದ್ರೆ, ಆಗೋ ಮಾತಲ್ಲ. ಗಲ್ಲೀಲಿ ಪಾರ್ಕಿಂಗ್ ಇಲ್ಲ, ಎದುರು ಮನೆಯವರ ಜೊತೆ ದಿನಾ ರಾಮಾಯಣ. ಆನ್ಯುಯಲ್ ಡೇ ಇಲ್ಲ, ಡ್ಯಾನ್ಸ್ ಇಲ್ಲ, ನನ್ನ ಹೆಂಡ್ತಿಗೆ ಅದೊಂದು ಕೊರಗು ಉಳ್ಕೊಂಡಿದೆ, ನಂಗೇನೂ ಇಲ್ಲ.

ಮುಖ್ಯವಾದ್ದು ಈಗ ಹೇಳ್ತೀನಿ, ಕೊನೇ ವರ್ಷದ್ದು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರ್ಬೇಕು ಅಂತ ನಮ್ಮ ಸರ್ಕಾರದ ರೂಲ್ ಬಂತಲ್ಲ, 2025-26ಕ್ಕೆ ಜಾರಿ ಅಂತ. ನಮ್ಮವನಿಗೆ ಆಗ ಐದು ವರ್ಷ ಏಳು ತಿಂಗಳು ಚಿಲ್ಲರೆ, ಸರಿ ಇನ್ನೊಂದು ವರ್ಷ ಇಲ್ಲೇ ಅಂತ ಮನಸು ಗಟ್ಟಿ ಮಾಡ್ಕೊಂಡಿದ್ವಿ. ಏಪ್ರಿಲಲ್ಲಿ ನೋಡಿದ್ರೆ ಆ ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಾಗಿದ್ರೂ ಸಾಕು ಅಂತ ಸಡಿಲ ಮಾಡಿದ್ರು. ಗ್ರೂಪಲ್ಲಿ ಗದ್ದಲವೋ ಗದ್ದಲ. ಇವನ ಜೊತೆಯವರು ಸುಮಾರು ಜನ ರಾತ್ರೋರಾತ್ರಿ ಟಿಸಿ ತಗೊಂಡು ದೊಡ್ಡ ಸ್ಕೂಲಿಗೆ ಹೋದ್ರು. ನಮ್ಮ ಮನೇಲೂ ಒಂದು ವಾರ ಜಗಳ, ಒಂದು ವರ್ಷ ವೇಸ್ಟು ಅಂತ ಮಾವನವ್ರು, ಆಡೋ ಮಗು ಆಡ್ಲಿ ಬಿಡಿ ಅಂತ ಅಮ್ಮ. ಕೊನೆಗೆ ಇಲ್ಲೇ ಬಿಟ್ವಿ.

ಅದೇ ವರ್ಷ ನಾನು ಕಣ್ಣಾರೆ ನೋಡಿದ್ದು. ಕಿತ್ಕೊತಿದ್ದ ಮಗ ಈಗ ರೂಮಲ್ಲಿ ಎಲ್ರಿಗಿಂತ ದೊಡ್ಡವನು. ಹೊಸ್ದಾಗಿ ಸೇರಿ ಅಳೋ ಮಗು ಪಕ್ಕ ಇವನನ್ನ ಕೂರಿಸ್ತಾರೆ. ಶರ್ಟ್ ಗುಂಡಿ ಹಾಕ್ಕೊಡು ಅಂತ ಚಿಕ್ಕವರು ಇವನ ಹತ್ರಾನೇ ಬರ್ತಾರೆ, ಆಂಟಿ ಹತ್ರ ಹೋಗಲ್ಲ. ಇವನು ಹಾಕ್ಕೊಡಲ್ಲ, ಮೇಲಿನದೊಂದು ಹಾಕಿ ತೋರ್ಸಿ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೋತಾನೆ, ಸೇಮ್ ಆಂಟಿ ಥರ, ನೋಡಿ ನಗು ತಡೆಯೋಕೆ ಆಗ್ಲಿಲ್ಲ. ಮೊದಲ ವರ್ಷ ಅವನಿಗೆ ಯಾರೋ ಕಾಯೋದು ಕಲ್ಸಿದ್ರಲ್ಲ, ಆ ಯಾರೋ ಈಗ ಇವನೇ. ಮೂರು ವರ್ಷ ಫೀಸ್ ಕಟ್ಟಿ ಕೊನೇ ವರ್ಷ ಬಿಡಿಸ್ಕೊಂಡು ಹೋಗೋರು ಹುರಿಗಡಲೆ ಚಟ್ನಿಗೆ ಒಗ್ಗರಣೆ ಹಾಕ್ದೆ ಎದ್ದು ಹೋದ ಹಾಗೆ. ಸ್ಕೂಲಿಗೂ ಇದು ಪೆಟ್ಟು, ಈಗ ಇವನ ರೂಮಲ್ಲಿ 26 ಮಕ್ಕಳಿಗೆ ದೊಡ್ಡವರು ನಾಲ್ಕೇ ಜನ, ಚಿಕ್ಕವರು ನೋಡ್ಕೊಂಡು ಕಲಿಯೋದಾದ್ರೂ ಯಾರನ್ನ? ಕೆಲವು ದಿನ ಬರೀ ಗಲಾಟೆ, ಆಂಟಿ ಸುಸ್ತಾಗಿರೋದು ಮುಖದಲ್ಲೇ ಕಾಣುತ್ತೆ.

ದೊಡ್ಡ ಸ್ಕೂಲಿನ ಟೆಸ್ಟಿಗೆ ಮೊನ್ನೆ ಕರ್ಕೊಂಡು ಹೋಗಿದ್ವಿ. ಬೋರ್ಡ್ ನೋಡಿ ಕಾಪಿ ಮಾಡು ಅಂದ್ರೆ ನಿಧಾನ, ನಾಲ್ಕು ಲೈನಿಗೆ ಹತ್ತು ನಿಮಿಷ. ಇದು ಗೊತ್ತಿರ್ಲಿ, ಮಾಂಟೆಸ್ಸರಿಯಿಂದ ಬಂದ ಮಕ್ಕಳಿಗೆ ಆ ಸ್ಪೀಡ್ ಇರಲ್ಲ, ಎರಡು ಮೂರು ತಿಂಗಳು ನೀವು ಒದ್ದಾಡೋಕೆ ರೆಡಿ ಇರ್ಬೇಕು ಅಂತ ಹಳೇ ಪೇರೆಂಟ್ಸ್ ಹೇಳಿದಾರೆ. ಟೆಸ್ಟ್ ಮುಗ್ಸಿ ಬರ್ತಾ ಇವನು ತಾನು ಕೂತಿದ್ದ ಕುರ್ಚಿ ಟೇಬಲ್ ಒಳಗೆ ತಳ್ಳಿ, ಪಕ್ಕದ ಎರಡು ಕುರ್ಚಿನೂ ತಳ್ಳಿ ಬಂದ. ಆ ಮೇಡಂ ಏನೋ ಬರ್ಕೊಂಡ್ರು. ಅಡ್ಮಿಷನ್ ಆಯ್ತು, ಕುರ್ಚಿಯಿಂದಾನೋ ಡೊನೇಷನ್ನಿಂದಾನೋ ಗೊತ್ತಿಲ್ಲ.

ನೋಡೋಕೆ ಹೋಗೋರಿಗೆ ಒಂದೆರಡು ಮಾತು. ಮಾಂಟೆಸ್ಸರಿ ಅನ್ನೋ ಬೋರ್ಡ್ ಯಾರು ಬೇಕಾದ್ರೂ ಹಾಕ್ಬೋದು, ನಮ್ಮ ಏರಿಯಾದಲ್ಲೇ ಬೀದಿಗೊಂದಿದೆ, ಒಳಗೆ ಹೋದ್ರೆ ಪ್ಲಾಸ್ಟಿಕ್ ಜಾರುಬಂಡೆ, ನರ್ಸರಿ ಎಲ್‌ಕೆಜಿ ಯುಕೆಜಿ ಬೇರೆ ಬೇರೆ ರೂಮು, ಅರ್ಧ ಗಂಟೆಗೊಂದು ಬೆಲ್ಲು, ಶೆಲ್ಫಲ್ಲಿರೋ ಮೆಟೀರಿಯಲ್ಲಿಗೆ ಬೀಗ. ಹಾಗಾಗಿ ಬೆಳಿಗ್ಗೆ ಹತ್ತು ಹತ್ತೂವರೆಗೆ ಹೋಗಿ, ಆಫೀಸ್ ರೂಮಲ್ಲಿ ಕಾಫಿ ಕುಡ್ಸಿ ವಾಪಸ್ ಕಳ್ಸೋಕೆ ನೋಡ್ತಾರೆ, ಬಿಡ್ಬೇಡಿ, ಒಳಗೆ ಒಂದು ಮೂಲೇಲಿ ಇಪ್ಪತ್ತು ನಿಮಿಷ ಕೂರೋಕೆ ಬಿಡಿ ಅಂತ ಕೇಳಿ. ಒಂದೇ ಐಟಮ್ಮಿಗೆ ಇಬ್ರು ಬಂದಾಗ ಏನಾಗುತ್ತೆ ನೋಡಿ. ಆಂಟಿ ಓಡಿ ಬಂದು ಬಿಡಿಸ್ತಾರಾ, ಎರಡನೇ ಸೆಟ್ ತಂದು ಕೊಡ್ತಾರಾ, ಇಲ್ಲ ಸುಮ್ನೆ ಕಾಯ್ತಾರಾ. ಶೆಲ್ಫ್ ಯಾವ ಮರ ಅಂತ ನೋಡ್ಬೇಡಿ, ನಾನು ಮಾಡಿದ ತಪ್ಪು ಅದು. ಕೂರೋಕೆ ಕೊಡೋ ಕುರ್ಚಿ ಒಂದಡಿ ಎತ್ತರ ಇರುತ್ತೆ, ಮಂಡಿ ನೋವಿರೋರು ಗೋಡೆ ಪಕ್ಕ ಕೂತ್ಕೊಳಿ, ಏಳೋಕೆ ಹಿಡ್ಕೊಳೋಕೆ ಏನಾದ್ರೂ ಬೇಕಾಗುತ್ತೆ.

ಐದಕ್ಕೆ ನಾಲ್ಕು ಕೊಡ್ತೀನಿ. ಅರ್ಧ ಕಟ್ಟಾಗಿದ್ದು ಕನ್ನಡ ಡಬ್ಬದ ಧೂಳಿಗೆ, ಇನ್ನರ್ಧ ಕಚ್ಚಿದ ದಿನ ಹೇಳ್ದೆ ಇದ್ದಿದ್ದಕ್ಕೆ. ಮೆಟೀರಿಯಲ್ ಚಾರ್ಜಿಗೆ ಕಟ್ ಮಾಡ್ತಿದ್ದೆ, ಈಗ್ಲೇ ಆಂಟಿ ಮೆಸೇಜ್ ಬಂತು, ನಿಮ್ಮ ಬೋರ್ಡಿನ ಟವರ್ ಬೋಲ್ಟ್ ಸವೆದು ಲೂಸಾಗಿದೆ ಸರ್, ಮಕ್ಕಳು ಕೇಳ್ತಾ ಇದಾರೆ, ಶನಿವಾರ ಬರ್ತೀರಾ ಅಂತ. ನಾಲ್ಕಿಂಚಿಂದು ಅಂಗಡೀಲಿ ಸ್ಟಾಕ್ ಇಲ್ಲ, ನಾಳೆ ತರಿಸ್ಬೇಕು.